ದಾರದಿಂದ ಅಳೆದ ದೂರ

(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ಭೂಗೋಳದ ಶಿಕ್ಷಕನಲ್ಲ. ಉರ್ದು, ಕನ್ನಡ ಕಲಿಸುವವನು. ಆದರೂ ವಿಮಾನದ ದೂರದ ಬಗ್ಗೆ ಮಾತನಾಡಲು ನಿಂತಿದ್ದೇನೆ. ಈ ವಿಷಯದಲ್ಲಿ ನಾನು ಒಬ್ಬ ವಿದ್ಯಾರ್ಥಿನಿಗೆ ತಪ್ಪು ಹೇಳಿದ್ದೆ, ಅದಕ್ಕಾಗಿ.

ಕೊರೊನಾ ನಂತರ ಶಾಲೆ ತೆರೆದಿತ್ತು. ಕನ್ನಡ ಅವಧಿಯಲ್ಲಿ ಹಳೆಯ ಪತ್ರಿಕೆಯ ಸುದ್ದಿಯೊಂದನ್ನು ಓದಿಸುತ್ತಿದ್ದೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಎಲ್ಲಿಯೂ ಇಳಿಯದೆ ಬೆಂಗಳೂರಿಗೆ ಬಂದ ಸುದ್ದಿ. ನಡೆಸಿದವರು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಸಂಗಡಿಗರು, ಎಲ್ಲರೂ ಮಹಿಳೆಯರು. ಉತ್ತರ ಧ್ರುವದ ಮೇಲಿನಿಂದ ಹಾದು 11ರ ನಸುಕಿನಲ್ಲಿ ಇಳಿದರು. ಹುಡುಗಿಯೊಬ್ಬಳು ಎದ್ದು ಕೇಳಿದಳು: “ಸರ್, ಉತ್ತರಕ್ಕೆ ಯಾಕೆ ಹೋದರು? ಆ ಕಡೆಯಿಂದ ಹತ್ತಿರ ಏನ್ರಿ?”

ನಾನು ಗೋಡೆಯ ನಕಾಶೆಗೆ ಕೋಲು ತಾಗಿಸಿ, “ಸುತ್ತು ದಾರಿ ಹೆಂಗ ಹತ್ತಿರ ಆಗತದ? ಕೂಡು” ಎಂದೆ. ಕೂತಳು. ಆ ವಾರವೆಲ್ಲ ಆಕೆ ಮತ್ತೊಂದು ಪ್ರಶ್ನೆ ಕೇಳಲಿಲ್ಲ. ಅದು ನನ್ನನ್ನು ಚುಚ್ಚಿತು.

ಶಾಲೆಯ ಗ್ಲೋಬು ಕಪಾಟಿನಲ್ಲಿ ಬೀಗದೊಳಗಿತ್ತು. (ಒಡೆದೀತೆಂಬ ಭಯ, ನಮ್ಮಲ್ಲಿ ಬಹಳ ಶಾಲೆಗಳ ಕಥೆ ಇದೇ.) ಹೊರಗೆ ತೆಗೆಸಿ, ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊವರೆಗೆ ಹೊಲಿಗೆಯ ದಾರ ಹಿಡಿದು ಬಿಗಿಯಾಗಿ ಎಳೆದೆ. ದಾರ ತಾನಾಗಿಯೇ ಮೇಲಕ್ಕೆ ಜಾರಿತು: ಚೀನಾ, ಸೈಬೀರಿಯಾ, ಅಲಾಸ್ಕಾ! ಅದೇ ದಾರವನ್ನು ಸಮಭಾಜಕ ವೃತ್ತದ ಮೇಲಿಟ್ಟರೆ ಸುಮಾರು 126 ಡಿಗ್ರಿ. ಒಂದು ಡಿಗ್ರಿಗೆ 111 ಕಿ.ಮೀ.ಯಂತೆ ಹತ್ತಿರ ಹತ್ತಿರ 14,000 ಕಿ.ಮೀ. ನಕಾಶೆಯ ಮೇಲೆ ಪಟ್ಟಿಯಿಟ್ಟು ಪೆಸಿಫಿಕ್ ಮೇಲೆ ಎಳೆದ ನೇರ ಗೆರೆಯಲ್ಲಿ ಹೋದರೆ ಎರಡು ಸಾವಿರ ಕಿ.ಮೀ.ಗೂ ಹೆಚ್ಚು ದೂರ. ದುಂಡಗಿನ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಹಾಸಿದಾಗ ಧ್ರುವದ ಒಂದು ಬಿಂದು ಸಮಭಾಜಕದಷ್ಟೇ ಅಗಲದ ಗೆರೆಯಾಗಿಬಿಡುತ್ತದೆ. ನನ್ನ ಕೋಲು ಮೋಸಹೋದದ್ದು ಅಲ್ಲಿ.

ಆದರೆ ಆ ವಿಮಾನ ಹಾರಿದ್ದು ಸುಮಾರು 16,000 ಕಿ.ಮೀ. ಎಂದು ಪತ್ರಿಕೆಗಳು ಬರೆದವು. ದಾರಕ್ಕೆ ಗಾಳಿಯಿಲ್ಲ, ವಿಮಾನಕ್ಕಿದೆ. ಪೆಸಿಫಿಕ್ ಮೇಲೆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಿರುಸಿನ ಗಾಳಿ ಬೀಸುತ್ತದೆ; ಅದಕ್ಕೆ ಎದುರಾಗಿ ಬರುವುದಕ್ಕಿಂತ ಧ್ರುವದ ಕಡೆಯಿಂದ ಬಳಸಿ ಬರುವುದು ಲಾಭ. ತುರ್ತಿನಲ್ಲಿ ಇಳಿಯಲು ನಿಲ್ದಾಣಗಳೂ ದಾರಿಯಲ್ಲಿ ಸಿಗುವಂತಿರಬೇಕು.

ವಿದ್ಯಾರ್ಥಿಗಳೇ, ಈ ಲೆಕ್ಕ ವಿಮಾನಕ್ಕಿಂತ ಬಹಳ ಹಳೆಯದು. ಹನ್ನೊಂದನೇ ಶತಮಾನದಲ್ಲಿ ಅಲ್ ಬಿರೂನಿ ಇಂದಿನ ಪಾಕಿಸ್ತಾನದ ನಂದನಾ ಕೋಟೆಯ ಬಳಿ ಬೆಟ್ಟದ ಎತ್ತರದಿಂದ ಭೂಮಿಯ ತ್ರಿಜ್ಯ ಲೆಕ್ಕ ಹಾಕಿದರು. ಘಜ್ನಿಯಿಂದ ಕಿಬ್ಲಾ ಯಾವ ದಿಕ್ಕಿಗೆಂದು ತಿಳಿಯಲು ನಗರ ನಗರಗಳ ಅಂತರವನ್ನು ದುಂಡಗಿನ ಭೂಮಿಯ ಮೇಲೆಯೇ ಗಣಿಸಿದರು. ಅವರ ಹೆಸರನ್ನು ಜಲ್ಸಾಗಳಲ್ಲಿ ಅಭಿಮಾನದಿಂದ ಹೇಳುವ ನಾನೇ ಪ್ರಶ್ನೆ ಕೇಳಿದವಳನ್ನು ಕೂಡಿಸಿದ್ದೆ.

ಮರುದಿನ ತರಗತಿಯ ಎದುರಿಗೇ ಆಕೆಗೆ, “ನೀನು ಕೇಳಿದ್ದು ಸರಿ ಇತ್ತು, ನಾನು ಹೇಳಿದ್ದು ತಪ್ಪು” ಎಂದೆ. ಆಕೆ ದಾರ ಇಸಕೊಂಡು ಹುಬ್ಬಳ್ಳಿಯಿಂದ ಮಕ್ಕಾಕ್ಕೆ ಹಿಡಿದಳು. 34 ಡಿಗ್ರಿ, ಅಂದರೆ ಸುಮಾರು 3,770 ಕಿ.ಮೀ. ಆಮೇಲೆ ದಾರಕ್ಕಾಗಿ ಹುಡುಗರಲ್ಲಿ ಜಗಳವೇ ಆಯಿತು.

ಪದಾಧಿಕಾರಿಗಳಲ್ಲಿ ನನ್ನ ಕೋರಿಕೆ ಒಂದೇ: ಈ ವರ್ಷ ಪ್ರತಿ ತರಗತಿಗೆ ಒಂದು ಗ್ಲೋಬು ಕೊಡಿಸಿ, ಕಪಾಟು ಬೇಡ. ದಾರ ನಾವು ತರುತ್ತೇವೆ.