ಚರಿತ್ರೆಯನ್ನು ಮಕ್ಕಳ ಕೈಗೆ ಕೊಡಿ

(ದೀಪಾವಳಿಗೆ ಊರಿಗೆ ಬಂದಿದ್ದ ಯುವಜನರ ಮುಂದೆ ಅರಭಾವಿಯಲ್ಲಿ ಆಡಿದ ಮಾತುಗಳ ಬರಹರೂಪ)



ಬೆಂಗಳೂರು, ಹುಬ್ಬಳ್ಳಿ, ಪುಣೆಗಳಿಂದ ಹಬ್ಬಕ್ಕೆಂದು ಊರಿಗೆ ಬಂದಿದ್ದೀರಿ. ನಾಲ್ಕು ದಿನ ಇದ್ದು ಮತ್ತೆ ಬಸ್ಸು ಹತ್ತುತ್ತೀರಿ. ನಿಮ್ಮಲ್ಲಿ ಕೆಲವರಿಗೆ ಮಕ್ಕಳಿದ್ದಾರೆ. ಉಳಿದವರಿಗೆ ಅಣ್ಣನ ಮಗನೋ ಅಕ್ಕನ ಮಗಳೋ ಇದ್ದೇ ಇರುತ್ತಾರೆ. ಒಂದು ನೇರ ಪ್ರಶ್ನೆ ಕೇಳುತ್ತೇನೆ, ಸಿಟ್ಟಾಗಬೇಡಿ. ಪಾಣಿಪತದಲ್ಲಿ ಎಷ್ಟು ಯುದ್ಧಗಳಾದವು ಎಂದು ಆ ಮಗುವನ್ನು ಕೇಳಿ, ಥಟ್ಟನೆ ಹೇಳುತ್ತದೆ. ಹೇಳಲಿ, ಅದೂ ಬೇಕು. ಆದರೆ ನಿನ್ನ ಮುತ್ತಜ್ಜನ ಹೆಸರೇನು, ಅವನು ಯಾವ ನೀರು ಕುಡಿದು ಯಾವ ಹೊಲ ಉತ್ತ ಎಂದು ಕೇಳಿ ನೋಡಿ. ಮಗು ನಿಮ್ಮ ಮುಖ ನೋಡುತ್ತದೆ. ನೀವು ನಿಮ್ಮ ಅಪ್ಪನ ಮುಖ ನೋಡುತ್ತೀರಿ!

ಇದು ಮಗುವಿನ ತಪ್ಪಲ್ಲ. ಶಾಲೆಯದೊಂದೇ ತಪ್ಪು ಎಂದು ಹೇಳಿ ನಾವು ಪಾರಾಗುವಂತೆಯೂ ಇಲ್ಲ. ನವೆಂಬರ್ ಒಂದರಂದು ಬಾವುಟ ಏರಿಸುತ್ತೇವೆ, ಜೈಕಾರ ಹಾಕುತ್ತೇವೆ. ಮಿಕ್ಕ ದಿನಗಳಲ್ಲಿ ಮನೆಯೊಳಗೆ ಏನು ಮಾಡುತ್ತೇವೆ? ಇವತ್ತು ನಾನು ಮಾತನಾಡುವುದು ಆ ಮಿಕ್ಕ ದಿನಗಳ ಬಗ್ಗೆ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ನನ್ನ ತಂದೆ ಹುಟ್ಟಿದ ಊರು ಇಂದು ಹಿಡಕಲ್ ಜಲಾಶಯದ ನೀರಿನಡಿ ಇದೆ. ೧೯೭೭ರಲ್ಲಿ ಆ ಅಣೆಕಟ್ಟು ಪೂರ್ಣಗೊಂಡಿತು. ಬಯಲು ಸೀಮೆಯ ಹೊಲಗಳಿಗೆ ನೀರು ಬಂತು. ಕಬ್ಬು ಬಂತು, ಗೋವಿನಜೋಳ ಬಂತು. ಅದರ ಫಲ ನಾವೆಲ್ಲ ಉಂಡಿದ್ದೇವೆ. ಅದಕ್ಕಾಗಿ ಊರು ಬಿಟ್ಟವರಲ್ಲಿ ನಮ್ಮಪ್ಪನೂ ಒಬ್ಬ. ರಾತ್ರಿ ಊಟವಾದ ಮೇಲೆ ಕಟ್ಟೆಯ ಮೇಲೆ ಕುಳಿತು ಆ ಊರಿನ ಓಣಿಗಳ ಹೆಸರು ಹೇಳುತ್ತಿದ್ದ. ನಾನು ಆಗ ಕಾಲೇಜು ಹುಡುಗ. "ಮುಗದು ಹೋದ ಮಾತು ಎಷ್ಟ ಸರ್ತಿ ಹೇಳ್ತಿ ಅಪ್ಪಾ" ಅಂದುಬಿಟ್ಟೆ. ಆಮೇಲೆ ಅವನು ನನ್ನ ಮುಂದೆ ಆ ಊರಿನ ಸುದ್ದಿ ಎತ್ತಲಿಲ್ಲ. ತೀರಿಕೊಂಡಾಗ ಓಣಿಗಳ ಹೆಸರುಗಳನ್ನೂ ಜೊತೆಗೇ ಒಯ್ದ.

ಇಪ್ಪತ್ತು ವರ್ಷಗಳ ಹಿಂದೆ, ನಾಲ್ಕನೆಯ ಇಯತ್ತೆಯಲ್ಲಿದ್ದ ನನ್ನ ಮಗಳು ಕೇಳಿದಳು: "ಅಪ್ಪಾ, ನಮ್ಮ ಅಜ್ಜನ ಊರು ಹೆಂಗಿತ್ತ?" ನನ್ನಲ್ಲಿ ಉತ್ತರವಿರಲಿಲ್ಲ. ನಾಚಿಕೆಯಾಯಿತು. ಅವಳನ್ನು ಕರೆದುಕೊಂಡು ನನ್ನ ಸೋದರತ್ತೆಯ ಮನೆಗೆ ಹೋದೆ. ಆಕೆಗೆ ಓದು ಬರಹ ಬಾರದು. "ಬರದು ತೋರ್ಸು ಅಮ್ಮಾ" ಎಂದು ಮಗಳು ಸುಣ್ಣದ ಕಡ್ಡಿ ಕೊಟ್ಟಳು. ಅತ್ತೆ ಅದನ್ನು ಬದಿಗಿಟ್ಟು ರಂಗೋಲಿ ಬಟ್ಟಲು ತಂದಳು. ಅಂಗಳದ ತುಂಬ ಊರು ಬರೆದಳು! ಇಲ್ಲಿ ಅಗಸಿ, ಇಲ್ಲಿ ಚಾವಡಿ, ಇಲ್ಲಿ ಹಗೇವು, ಇದು ಸೀನೀರ ಬಾವಿ, ಇದು ಸವುಳ ಬಾವಿ. "ಹಗೇವು ಅಂದ್ರೇನು?" ಎಂದಳು ಮಗಳು. ನೆಲದೊಳಗೆ ಗುಂಡಿ ತೋಡಿ ಜೋಳ ತುಂಬಿ ಮುಚ್ಚಿಡುತ್ತಿದ್ದ ಕಣಜ ಅದು, ಬರಗಾಲಕ್ಕೆ ಆಸರೆ ಎಂದು ಅತ್ತೆ ಹೇಳಿದಳು. ಆ ಒಂದು ಮಾತಿನಿಂದ ಮಗು ಬೆಳೆ, ಬರ, ಸಾಲ, ಕಳ್ಳಕಾಕರ ಭಯ ಎಲ್ಲವನ್ನೂ ಕೇಳಿ ತಿಳಿಯಿತು. ಅಷ್ಟರಲ್ಲಿ ಅದೇ ಊರಿನ ಇನ್ನೊಬ್ಬ ಹಿರಿಯ ಬಂದ. "ಗುಡಿ ಇಲ್ಲಿರಲಿಲ್ಲವಾ, ಆ ಕಡೀಕಿತ್ತು" ಎಂದು ಜಗಳ ತೆಗೆದ. ಇಬ್ಬರೂ ಒಂದು ತಾಸು ವಾದ ಮಾಡಿದರು. ಕಣ್ಣಾರೆ ಕಂಡವರ ನೆನಪೂ ಬೇರೆ ಬೇರೆಯಾಗಿರುತ್ತದೆ, ಅದಕ್ಕೇ ಇಬ್ಬರನ್ನು ಕೇಳಬೇಕು ಎಂದು ನನ್ನ ಮಗಳು ಅಂದು ಕಲಿತಳು. ಯಾವ ಪರೀಕ್ಷೆಗೂ ಓದಿ ಇದು ಬರುವುದಿಲ್ಲ.

ಗೆಳೆಯರೇ, ಇಲ್ಲಿ ಒಂದು ಮಾತು ಗಮನಿಸಿ. ಅತ್ತೆಯ ಕನ್ನಡ ತಿಳಿಯದಿದ್ದರೆ ಮಗುವಿಗೆ ಆ ಊರು ಸಿಗುತ್ತಿರಲಿಲ್ಲ. ಹಗೇವು, ಅಗಸಿ ಎಂಬ ಶಬ್ದ ಸತ್ತರೆ ಅದರ ಹಿಂದಿನ ಬದುಕೂ ಸಾಯುತ್ತದೆ. ಪಟ್ಟಣದಲ್ಲಿ ಬೆಳೆದ ಮೊಮ್ಮಗು ಇಂಗ್ಲಿಷಿನಲ್ಲಿ ಕೇಳಿ, ಅಜ್ಜಿ ಸುಮ್ಮನೆ ನಕ್ಕು ತಲೆಯಾಡಿಸುವ ಮನೆಯಲ್ಲಿ ಚರಿತ್ರೆ ದಾಟುವುದಾದರೂ ಹೇಗೆ? ಕನ್ನಡ ಉಳಿಯಬೇಕು ಎಂದು ನಾವು ಕೂಗುವುದು ಬೋರ್ಡುಗಳಿಗಾಗಿ ಮಾತ್ರವಲ್ಲ. ಅಜ್ಜಿಯ ಮಾತು ಮೊಮ್ಮಗುವಿಗೆ ಅರ್ಥವಾಗಲಿ ಎಂದೂ ಹೌದು. ಇನ್ನೊಂದು ಮಾತು. ನಮ್ಮ ಕಡೆಯ ಕನ್ನಡವನ್ನು ಮಗು ಆಡಿದಾಗ ಅದನ್ನು ತಿದ್ದಿ ನಗಬೇಡಿ. ಅದು ಒರಟು ಕನ್ನಡವಲ್ಲ, ನಮ್ಮ ದಫ್ತರ!

"ನಮಗೆ ಪುರಸೊತ್ತು ಎಲ್ಲಿದೆ, ನಾವೇನು ಮೇಷ್ಟ್ರುಗಳೇ?" ಎನ್ನುತ್ತೀರಿ. ಮೇಷ್ಟ್ರು ಬೇಡ, ದೊಡ್ಡ ಖರ್ಚೂ ಬೇಡ. ಅಡುಗೆಮನೆಯಿಂದಲೇ ಶುರು ಮಾಡಿ. ಗೋಕಾಕದ ಕರದಂಟನ್ನು ಎಲ್ಲರೂ ಪೊಟ್ಟಣ ಕಟ್ಟಿಸಿಕೊಂಡು ಒಯ್ಯುತ್ತೀರಿ. ಒಮ್ಮೆ ಮಗುವಿನ ಜೊತೆ ಕೂತು ಮನೆಯಲ್ಲಿ ಮಾಡಿ. ತುಪ್ಪದಲ್ಲಿ ಅಂಟು ಹಾಕಿದರೆ ಅರಳು ಅರಳಾಗಿ ಉಬ್ಬುತ್ತದೆ. ಕರಿದ ಅಂಟು, ಅದೇ ಕರದಂಟು. ಹೆಸರಿನಲ್ಲೇ ಪಾಕ ಇದೆ. ಬೆಲ್ಲ ನಮ್ಮ ಹೊಲದ ಕಬ್ಬಿನದು. ಒಣಕೊಬ್ಬರಿ ತೆಂಗಿನ ಸೀಮೆಯದು. ಉತ್ತತ್ತಿ ಮರಳುಗಾಡಿನ ಕಡೆಯದು. ಗೋಡಂಬಿಯ ಗಿಡವನ್ನು ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದರು. ಗೋಡೆಯ ಮೇಲೆ ಭೂಪಟ ಹಚ್ಚಿ, ಒಂದೊಂದು ಪದಾರ್ಥ ಬಂದ ದಾರಿಗೆ ದಾರ ಎಳೆಯಿರಿ. ವ್ಯಾಪಾರದ ಚರಿತ್ರೆ ಬಾಯಲ್ಲಿ ಕರಗುತ್ತದೆ.

ಆಮೇಲೆ ನೀರಿನ ಆಟ. ರಟ್ಟಿನ ತುಂಡುಗಳನ್ನು ಚಕ್ರದಂತೆ ಜೋಡಿಸಿ, ನಡುವೆ ಜೋಳದ ದಂಟು ತೂರಿಸಿ, ನಲ್ಲಿಯ ಕೆಳಗೆ ಹಿಡಿಯಿರಿ. ತಿರುಗುತ್ತದೆ. ದಂಟಿಗೆ ದಾರ ಕಟ್ಟಿದರೆ ದಾರ ಸುತ್ತಿಕೊಳ್ಳುತ್ತದೆ. ಆಮೇಲೆ ಮಗುವನ್ನು ಗೋಕಾಕ ಫಾಲ್ಸ್‌ಗೆ ಕರೆದೊಯ್ಯಿರಿ. ಘಟಪ್ರಭೆ ಅಲ್ಲಿ ಸುಮಾರು ೧೭೧ ಅಡಿ ಧುಮುಕುತ್ತಾಳೆ. ಹೋಗುವ ಮುಂಚೆ ನಿಮ್ಮ ಬೀದಿಯಲ್ಲಿ ೧೭೧ ಅಡಿ ಅಳೆದು ತೋರಿಸಿ, ಆಗ ಎತ್ತರ ಏನೆಂದು ತಿಳಿಯುತ್ತದೆ. ೧೮೮೫ರಲ್ಲಿ ಹುಟ್ಟಿದ ಗೋಕಾಕ ಮಿಲ್ಲು ಈ ಧುಮುಕುವ ನೀರಿನ ಬಲದಿಂದಲೇ ನೂಲು ತೆಗೆಯಿತು. ನಲ್ಲಿಯ ಕೆಳಗೆ ಚಕ್ರ ತಿರುಗಿಸಿದ ಕೂಸಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಕ್ಕದಲ್ಲೇ ಹಳೆಯ ಮಹಾಲಿಂಗೇಶ್ವರ ಗುಡಿ ಇದೆ. ದಾರಿಯಲ್ಲಿ ೧೮೯೭ರ ಧೂಪದಾಳ ಬಂಧಾರವನ್ನೂ ನೋಡಿ. ಗುಡಿ, ಗಿರಣಿ, ಬಂಧಾರ ಮೂರನ್ನೂ ಒಂದೇ ಹೊಳೆ ಸಾಕಿತು. ನೀರಿನ ಹತ್ತಿರ ಮಾತ್ರ ಮಕ್ಕಳ ಕೈ ಬಿಡಬೇಡಿ.

ಮೂಡಲಗಿ ಕಡೆಯ ಕಲ್ಲೋಳಿಗೆ ಸೇರಿದ, ಹದಿಮೂರನೆಯ ಶತಮಾನದ ಆರಂಭದ ಒಂದು ಶಾಸನವಿದೆ. ಸವದತ್ತಿಯ ರಟ್ಟರ ದೊರೆ ಕಾರ್ತವೀರ್ಯನ ಕಾಲದ್ದು. ಜೈನ ಬಸದಿಗೆ ಕೊಟ್ಟ ದತ್ತಿಯ ಮಾತು ಅದರಲ್ಲಿದೆ. ಅಂದರೆ ಎಂಟುನೂರು ವರ್ಷಗಳ ಹಿಂದೆಯೇ ಈ ನೆಲದಲ್ಲಿ ಕಲ್ಲಿನ ಮೇಲೆ ಕನ್ನಡ ಕೊರೆದಿದ್ದರು. ಶಾಸನದ ಪಡಿಯಚ್ಚು ಹೇಗೆ ತೆಗೆಯುತ್ತಾರೆಂದು ಮನೆಯಲ್ಲೇ ತೋರಿಸಬಹುದು. ನಾಣ್ಯದ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ, ಅಕ್ಷರ ಮೂಡುತ್ತದೆ. ಕೆರೆಯ ಜೇಡಿಮಣ್ಣಿನ ಹಲಗೆ ಮಾಡಿ, ಮಗು ತನ್ನ ಹೆಸರನ್ನೂ ಇಸವಿಯನ್ನೂ ಕನ್ನಡ ಅಂಕಿಗಳಲ್ಲಿ ಕೊರೆಯಲಿ. ನಿಜವಾದ ಶಾಸನದ ಮೇಲೆ ಮಾತ್ರ ಎಣ್ಣೆ, ಸುಣ್ಣ, ಬಣ್ಣ ಏನನ್ನೂ ಹಚ್ಚಲು ಬಿಡಬೇಡಿ. ಬೆಂಗಳೂರಿನಲ್ಲಿರುವವರೇ, ನೆಪ ಹೇಳಬೇಡಿ! ನಿಮ್ಮ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ "ಬೆಂಗಳೂರು" ಎಂಬ ಹೆಸರನ್ನು ಹೊತ್ತ, ಸುಮಾರು ಕ್ರಿ.ಶ. ೯೦೦ರ ಶಾಸನ ಸಿಕ್ಕಿದೆ. ಸಿಟಿ ಬಸ್ಸಿನಲ್ಲಿ ಹೋಗಿ ಬರಬಹುದು.

ಇನ್ನು ಮನೆಯ ಟ್ರಂಕು. ೧೯೫೬ಕ್ಕೆ ಮೊದಲು ಈ ಸೀಮೆ ಮುಂಬಯಿ ಆಡಳಿತದಲ್ಲಿತ್ತು. ಅಜ್ಜನ ಶಾಲೆಯ ದಾಖಲೆ, ಹೊಲದ ಕಾಗದ ತೆಗೆದು ನೋಡಿ. ಯಾವ ಸರಕಾರದ ಮುದ್ರೆ ಇದೆ, ಯಾವ ಲಿಪಿ ಇದೆ? ಮೋಡಿ ಲಿಪಿಯೂ ಸಿಕ್ಕೀತು. ಸಿಕ್ಕರೆ ಮುಚ್ಚಿಡಬೇಡಿ. ನೆರೆಯ ಮರಾಠಿಯೂ ನಮ್ಮ ಮನೆಯ ಕಾಗದದಲ್ಲಿ ಇದ್ದದ್ದು ನಿಜ. ನಮ್ಮ ಹಕ್ಕು ಕೇಳಲು ನೆರೆಯವರ ಮೇಲೆ ಹಗೆ ಕಲಿಸಬೇಕಿಲ್ಲ. ಹಾಗೆಯೇ, "ಜಗತ್ತಿನಲ್ಲೇ ಮೊದಲು" "ಎಲ್ಲರಿಗಿಂತ ಹಳೆಯದು" ಎಂದು ಗೊತ್ತಿಲ್ಲದ್ದನ್ನು ಮಕ್ಕಳಿಗೆ ಹೇಳಬೇಡಿ. ಕನ್ನಡದ ಪ್ರೀತಿಗೆ ಸುಳ್ಳಿನ ಊರುಗೋಲು ಬೇಡ. ನಾಳೆ ಮಗುವಿಗೆ ನಿಜ ಗೊತ್ತಾದಾಗ ಅದು ಸುಳ್ಳಿನ ಜೊತೆ ಕನ್ನಡವನ್ನೂ ಬಿಟ್ಟೀತು.

ಗೋಕಾಕ ಚಳವಳಿ ಈ ಗೋಕಾಕದಲ್ಲಿ ನಡೆದದ್ದು ಎಂದುಕೊಂಡವರು ನಿಮ್ಮಲ್ಲೇ ಇರಬಹುದು. ವಿ.ಕೃ. ಗೋಕಾಕರ ಸಮಿತಿ ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೊಡಬೇಕೆಂದು ವರದಿ ಕೊಟ್ಟಿತು. ಅದರ ಜಾರಿಗಾಗಿ ೧೯೮೨ರಲ್ಲಿ ನಾಡೆಲ್ಲ ಎದ್ದು ನಿಂತಿತು, ಡಾ. ರಾಜಕುಮಾರ್ ಬೀದಿಗಿಳಿದರು. ಆಗ ನಿಮ್ಮ ಅಪ್ಪ, ಅವ್ವ ಎಲ್ಲಿದ್ದರು, ಏನು ಕಂಡರು? ಮಗುವಿನ ಕೈಗೆ ಮೊಬೈಲ್ ಕೊಟ್ಟು ಅವರ ಮಾತನ್ನು ಧ್ವನಿಮುದ್ರಣ ಮಾಡಿಸಿ. ಆಮೇಲೆ ಗ್ರಂಥಾಲಯದಲ್ಲಿ ಅಂದಿನ ಪತ್ರಿಕೆ ತೆಗೆದು ತಾಳೆ ನೋಡಲಿ.

ಅತ್ತೆಯ ರಂಗೋಲಿಯನ್ನು ಅಂದೇ ಸಂಜೆ ನಾವು ಕಾಗದಕ್ಕೆ ಇಳಿಸಿಕೊಂಡೆವು. ಗುಡಿಯನ್ನು ಎರಡೂ ಕಡೆ ಬರೆದು, ಯಾರು ಎಲ್ಲಿ ಎಂದರೆಂದು ಹೆಸರು ಹಾಕಿದೆವು. ಮರುದಿನ ಅಂಗಳ ಸಾರಿಸಿದರು. ಅತ್ತೆ ಈಗಿಲ್ಲ. ಮಗಳು ನಿಮ್ಮ ಹಾಗೆಯೇ ಬೆಂಗಳೂರಿನಲ್ಲಿ ದುಡಿಯುತ್ತಾಳೆ. ಆ ಕಾಗದ ಅವಳ ಬಾಡಿಗೆ ಮನೆಯ ಗೋಡೆಯ ಮೇಲಿದೆ. ಅದರಲ್ಲಿ ಎರಡು ಓಣಿಗಳಿಗೆ ಹೆಸರಿಲ್ಲ. ಅವು ನಮ್ಮಪ್ಪನಿಗೆ ಮಾತ್ರ ಗೊತ್ತಿದ್ದವು.

ನಿಮ್ಮ ಮನೆಯ ಕಟ್ಟೆಯ ಮೇಲೆ ಇನ್ನೂ ಯಾರಾದರೂ ಕುಳಿತಿದ್ದಾರೆಯೇ? ಹಾಗಾದರೆ ನಾಳೆಯ ಬಸ್ಸನ್ನು ಒಂದು ದಿನ ಮುಂದೂಡಿ. ಮಗುವನ್ನು ಅವರ ಮುಂದೆ ಕೂರಿಸಿ, ರಂಗೋಲಿ ಬಟ್ಟಲು ಕೈಗೆ ಕೊಡಿ, ನೀವು ಸುಮ್ಮನೆ ಕೇಳಿಸಿಕೊಳ್ಳಿ.

ಸಿರಿಗನ್ನಡಂ ಗೆಲ್ಗೆ!