ಆಸ್ಪತ್ರೆಯ ದಾರಿಯಲ್ಲಿ ಸೈಕಲ್ ಗಾಡಿ



ಹೆರಿಗೆಯ ತೊಡಕಿನಿಂದ ತಾಯಂದಿರು ಸಾಯುವುದರ ಹಿಂದೆ ಮೂರು ವಿಳಂಬಗಳಿವೆ ಎಂದು ಥ್ಯಾಡಿಯಸ್ ಮತ್ತು ಮೇಯ್ನ್ ಎಂಬ ಸಂಶೋಧಕರು 1994ರಲ್ಲಿ ವಿವರಿಸಿದರು. ಆಸ್ಪತ್ರೆಗೆ ಹೋಗಬೇಕೆಂದು ನಿರ್ಧರಿಸುವಲ್ಲಿ ಆಗುವ ತಡ ಮೊದಲನೆಯದು. ದಾರಿಯಲ್ಲಿ ಆಗುವುದು ಎರಡನೆಯದು. ಆಸ್ಪತ್ರೆ ಮುಟ್ಟಿದ ಮೇಲೆ ಚಿಕಿತ್ಸೆ ದೊರೆಯುವಲ್ಲಿ ಆಗುವುದು ಮೂರನೆಯದು. ನಮೀಬಿಯ, ಜಾಂಬಿಯ, ಮಲಾವಿ ಮೊದಲಾದ ಆಫ್ರಿಕದ ದೇಶಗಳ ಹಳ್ಳಿಗಳಲ್ಲಿ ಬಳಕೆಗೆ ಬಂದ ಸೈಕಲ್ ಆಂಬುಲೆನ್ಸ್ ಎರಡನೆಯ ತಡಕ್ಕೆ ಹುಡುಕಿದ ಉತ್ತರ. ಉಳಿದೆರಡನ್ನು ಅದು ತಾನಾಗಿ ನೀಗಿಸಲಾರದು.

ಗಾಡಿಯ ರಚನೆ ಸರಳ. ಕಬ್ಬಿಣದ ಕೊಳವೆಗಳನ್ನು ಬೆಸೆದು ಮಾಡಿದ, ಒಬ್ಬರು ಮಲಗುವಷ್ಟು ಉದ್ದದ ಚೌಕಟ್ಟು, ಮೇಲೆ ಹಾಸಿಗೆ, ಅಕ್ಕಪಕ್ಕ ಎರಡು ಚಕ್ರ, ಬಿಸಿಲು ಮಳೆಗೆ ಬಟ್ಟೆಯ ಮರೆ. ಮುಂದಿನ ಮೂಕಿಯನ್ನು ತಿರುಗುವ ಕೀಲಿನಿಂದ ಸೈಕಲ್ಲಿಗೆ ಜೋಡಿಸಿದರೆ ಸೈಕಲ್ ವಾಲಿದರೂ ರೋಗಿ ವಾಲುವುದಿಲ್ಲ.

ಆದರೆ ಇದು ಮೂಲತಃ ಬಯಲುನಾಡಿನ ವಾಹನ. ಸವಾರ, ರೋಗಿ, ಸೈಕಲ್, ಗಾಡಿ ಸೇರಿ 170 ಕಿಲೋ ಎಂದು ಭಾವಿಸೋಣ. ಹತ್ತು ಅಡಿಗೆ ಒಂದಡಿ ಏರುವ ದಾರಿಯಲ್ಲಿ, ಸಮತಟ್ಟಿನಲ್ಲಿ ಬೇಕಾಗುವ ಎಳೆತದ ಮೇಲೆ ಮತ್ತೆ 17 ಕಿಲೋ ಭಾರದಷ್ಟು ಎಳೆತ ಬೇಕು. ಅಂಥ ಕಡೆ ಸವಾರ ಇಳಿದು ತಳ್ಳದೆ ಗತಿಯಿಲ್ಲ. ಇಳಿಜಾರಿನಲ್ಲಾದರೆ ಗಾಡಿಯೇ ಸೈಕಲ್ಲನ್ನು ನೂಕತೊಡಗುತ್ತದೆ. ಬ್ರೇಕಿನ ಮೇಲೆ ಭರವಸೆ ಇಡುವಂತಿಲ್ಲ. ಮಳೆಗಾಲದಲ್ಲಿ ರೋಗಿಯನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ಘಟ್ಟವಿಳಿಯುವವರಿಗೆ ಇದನ್ನು ವಿವರಿಸಬೇಕಿಲ್ಲ.

ಸಮತಟ್ಟು ನೆಲವಿದ್ದರೂ ಸಾಲದು ಎಂಬುದಕ್ಕೆ ಮಲಾವಿಯ ನ್ಸಾಂಜೆ ಜಿಲ್ಲೆಯೇ ಸಾಕ್ಷಿ. ಶಿರೆ ನದಿಯ ತಗ್ಗಿನಲ್ಲಿರುವ ಈ ಜಿಲ್ಲೆಯಲ್ಲಿ ಗರ್ಭಿಣಿಯರಿಗೆಂದೇ ಹಳ್ಳಿಗಳಿಗೆ ಸೈಕಲ್ ಆಂಬುಲೆನ್ಸ್ ಕೊಡಲಾಯಿತು. 2001ರಲ್ಲಿ ಪ್ರಕಟವಾದ ಅಧ್ಯಯನ ನಿರಾಶೆಯ ಸಂಗತಿಯನ್ನು ತಿಳಿಸಿತು: ಹೆರಿಗೆ ನೋವು ಬಂದ ಹೆಂಗಸರು ಅದನ್ನು ಹತ್ತಲು ಹಿಂಜರಿದರು. ಅಲ್ಲಿ ಹೆರಿಗೆ ಗುಟ್ಟಾಗಿ ನಡೆಯಬೇಕಾದದ್ದು. ಎಲ್ಲರೂ ಬಲ್ಲ ಗಾಡಿಯಲ್ಲಿ ಹಗಲಿನಲ್ಲಿ ಮಲಗಿ ಹೋಗುವುದೆಂದರೆ ಊರಿಗೆಲ್ಲ ಡಂಗುರ ಸಾರಿದಂತೆ. ಗಾಡಿ ಮಾಡಿದವರು ಉಕ್ಕಿನ ದಪ್ಪವನ್ನು ಅಳೆದಿದ್ದರು, ಹೆಂಗಸರನ್ನು ಕೇಳಿರಲಿಲ್ಲ ಎಂದೇ ತೋರುತ್ತದೆ. ಹಾಗೆಂದು ಹೆಂಗಸರ ಸಂಕೋಚವನ್ನು ಮೌಢ್ಯವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಮರೆ ಬೇಕೆಂಬುದು ಎಲ್ಲೆಡೆಯ ತಾಯಂದಿರ ಬಯಕೆ.

ಜಾಂಬಿಯದ ಸೆರೆಂಜೆ ಜಿಲ್ಲೆಯಲ್ಲಿ ನಡೆದದ್ದು ಬೇರೆ. 2017-18ರಲ್ಲಿ ಅಲ್ಲಿ ಸೈಕಲ್ ಗಾಡಿ ಒಂಟಿಯಾಗಿ ಬರಲಿಲ್ಲ. ಮಗುವಿಗೆ ತೀವ್ರ ಮಲೇರಿಯದ ಲಕ್ಷಣ ಕಂಡೊಡನೆ ತರಬೇತಿ ಪಡೆದ ಹಳ್ಳಿಯ ಸ್ವಯಂಸೇವಕರು ಗುದದ್ವಾರದ ಮೂಲಕ ಆರ್ಟೆಸುನೇಟ್ ಔಷಧ ಕೊಡುತ್ತಿದ್ದರು. ನುಂಗಲಾರದ, ಪ್ರಜ್ಞೆ ತಪ್ಪಿದ ಮಗುವಿಗೂ ಅದನ್ನು ಕೊಡಬಹುದು. ಅಷ್ಟರಿಂದ ಕಾಯಿಲೆ ವಾಸಿಯಾಗದು. ಆರೋಗ್ಯ ಕೇಂದ್ರ ಮುಟ್ಟುವವರೆಗೆ ಜೀವ ಹಿಡಿದಿಡಲು ಸಮಯ ಸಿಗುತ್ತದೆ. ಆ ಸಮಯದೊಳಗೆ ಸೈಕಲ್ ಗಾಡಿ ಮಗುವನ್ನು ತಲುಪಿಸಬೇಕು. ದಾರಿಯ ಖರ್ಚಿಗೆ ಊರವರೇ ಕೂಡಿಟ್ಟ ತುರ್ತು ನಿಧಿಯಿತ್ತು. ಅಲ್ಲಿ ತೀವ್ರ ಮಲೇರಿಯಕ್ಕೆ ತುತ್ತಾದ ಮಕ್ಕಳಲ್ಲಿ ಸಾವಿನ ಪ್ರಮಾಣ ಶೇ. 8ರಿಂದ ಶೇ. 0.25ಕ್ಕೆ ಇಳಿಯಿತು. ಈ ಯಶಸ್ಸನ್ನು ಸೈಕಲ್ಲಿನ ಲೆಕ್ಕಕ್ಕೆ ಮಾತ್ರ ಬರೆಯಲಾಗದು. ಆದರೆ ಅದನ್ನು ಬಿಟ್ಟು ಲೆಕ್ಕ ಹಾಕುವುದೂ ಸರಿಯಲ್ಲ.

ಪೆಟ್ರೋಲ್ ಬೇಡದ ವಾಹನವೆಂದು ಪರಿಸರಪ್ರಿಯರು ಇದನ್ನು ಕೊಂಡಾಡುವುದುಂಟು. ಆ ಹೊಗಳಿಕೆ ಎಚ್ಚರದಿಂದಿರಲಿ. ಬಡವರಿಗೆ ಸೈಕಲ್ಲೇ ಸಾಕೆಂದು ಸರ್ಕಾರಗಳು ರಸ್ತೆಯನ್ನೂ ಮೋಟಾರು ಆಂಬುಲೆನ್ಸನ್ನೂ ಮುಂದೂಡಲು ಅದು ನೆಪವಾಗಬಾರದು. ಪೆಟ್ರೋಲಿಗಿಂತ ದೊಡ್ಡ ಪ್ರಶ್ನೆ ದುರಸ್ತಿಯದು. ಟ್ಯೂಬು ತೂತಾದ ದಿನ, ಚಕ್ರದ ಕಡ್ಡಿ ಮುರಿದ ದಿನ ಗಾಡಿ ಯಾರ ಹೊಣೆ? ನಮೀಬಿಯದಲ್ಲಿ 2005ರಲ್ಲಿ ಆರಂಭವಾದ ಬೈಸಿಕ್ಲಿಂಗ್ ಎಂಪವರ್‌ಮೆಂಟ್ ನೆಟ್‌ವರ್ಕ್ ಸಂಸ್ಥೆ ಇದಕ್ಕೊಂದು ದಾರಿ ಹುಡುಕಿತು. ವಿದೇಶಗಳಿಂದ ಹಳೆಯ ಸೈಕಲ್ಲುಗಳು ಬಂದಿಳಿದ ಹಡಗಿನ ಕಂಟೇನರುಗಳನ್ನೇ ಅದು ಊರುಗಳಲ್ಲಿ ಸೈಕಲ್ ಅಂಗಡಿಯಾಗಿಸಿತು. ಸ್ಥಳೀಯರಿಗೆ ದುರಸ್ತಿ ಕಲಿಸಿ ಅಂಗಡಿಯನ್ನು ಅವರ ಕೈಗೇ ಕೊಟ್ಟಿತು.