ಸೈನಿಕರ ಅಂಗವೈಕಲ್ಯ ಪಿಂಚಣಿ: ನ್ಯಾಯಾಲಯ ಏನನ್ನು ನೋಡುತ್ತದೆ?

ಒಬ್ಬ ಯುವಕರು 1985ರಲ್ಲಿ ಭೂಸೇನೆಯ ಸಿಗ್ನಲ್ಸ್ ವಿಭಾಗಕ್ಕೆ ಸಿಪಾಯಿಯಾಗಿ ಸೇರಿದರು. ಭರ್ತಿಯಾಗುವಾಗ ವೈದ್ಯಕೀಯ ತಪಾಸಣೆ ಆಗಿತ್ತು. ಯಾವ ಕಾಯಿಲೆಯೂ ದಾಖಲಾಗಿರಲಿಲ್ಲ. ಸುಮಾರು ಒಂಬತ್ತು ವರ್ಷ ದುಡಿದ ಮೇಲೆ, ಮೂರ್ಛೆರೋಗದಿಂದ ಶೇ. 20ರಷ್ಟು ಅಂಗವೈಕಲ್ಯವಿದೆ ಎಂದು 1994ರಲ್ಲಿ ಸೇನೆ ಅವರನ್ನು ಬಿಡುಗಡೆ ಮಾಡಿತು. ಅಂಗವೈಕಲ್ಯ ಪಿಂಚಣಿಯನ್ನು ಮಾತ್ರ ಕೊಡಲಿಲ್ಲ. ಇದು ಸೇವೆಯಿಂದ ಬಂದದ್ದಲ್ಲ, ಅವರ ದೇಹಪ್ರಕೃತಿಯದ್ದು ಎಂದು ಮೆಡಿಕಲ್ ಬೋರ್ಡ್ ಷರಾ ಬರೆದಿತ್ತು. ಹಾಗೆ ಹೇಳಲು ಕಾರಣವೇನು? ಅದನ್ನು ಬರೆದಿರಲಿಲ್ಲ.

ಹಿಮಾಚಲ ಪ್ರದೇಶ ಹೈಕೋರ್ಟಿನ ಏಕಸದಸ್ಯ ಪೀಠದಲ್ಲಿ ಅವರು ಗೆದ್ದರು, ವಿಭಾಗೀಯ ಪೀಠದಲ್ಲಿ ಸೋತರು. ಕೊನೆಗೆ 2013ರ ಜುಲೈ 2ರಂದು ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ನೀಡಿತು. ಮನೆಗೆ ಕಳಿಸಿ ಹತ್ತೊಂಬತ್ತು ವರ್ಷವಾಗಿತ್ತು. ಒಂದು ಸಂಸಾರಕ್ಕೆ ಅದು ಬಹಳ ದೀರ್ಘ ಕಾಲ.

ಇಂಥ ಪ್ರಕರಣದಲ್ಲಿ ನ್ಯಾಯಾಧೀಶರು ರೋಗ ಪತ್ತೆಮಾಡಲು ಹೊರಡುವುದಿಲ್ಲ. ಆ ಕೆಲಸ ವೈದ್ಯರದ್ದೇ, ಅವರ ಅಭಿಪ್ರಾಯಕ್ಕೆ ನ್ಯಾಯಾಲಯ ಬೆಲೆ ಕೊಡುತ್ತದೆ. ಆದರೆ ಆ ಅಭಿಪ್ರಾಯ ನಿಯಮದಂತೆ ಬಂದಿದೆಯೇ ಎಂದು ಕೇಳುತ್ತದೆ. ಆ ಪ್ರಕರಣಕ್ಕೆ ಅನ್ವಯವಾದ 1982ರ ಅರ್ಹತಾ ನಿಯಮಗಳ ಪ್ರಕಾರ, ಭರ್ತಿಯ ವೇಳೆ ಟಿಪ್ಪಣಿ ಇಲ್ಲದಿದ್ದರೆ ಆ ವ್ಯಕ್ತಿ ಆರೋಗ್ಯವಂತನಾಗಿಯೇ ಸೇನೆ ಸೇರಿದ ಎಂದು ಭಾವಿಸಬೇಕು. ಬಿಡುಗಡೆಗೆ ಕಾರಣವಾದ ಕಾಯಿಲೆ ಸಾಮಾನ್ಯವಾಗಿ ಸೇವೆಯಲ್ಲೇ ಬಂದದ್ದೆಂದು ಪರಿಗಣಿಸಬೇಕು. ಭರ್ತಿಯ ತಪಾಸಣೆಯಲ್ಲಿ ಅದು ಸಿಗುವಂಥದ್ದಾಗಿರಲಿಲ್ಲ ಎಂದು ವೈದ್ಯರು ಹೇಳುವುದಾದರೆ, ಕಾರಣವನ್ನೂ ಬರೆಯಬೇಕು. ಸಾಬೀತುಪಡಿಸುವ ಭಾರ ಸೈನಿಕರ ಮೇಲಿಲ್ಲ. ನ್ಯಾಯವಾದ ಸಂಶಯವಿದ್ದರೆ ಅದರ ಲಾಭ ಅವರಿಗೇ ಸಲ್ಲಬೇಕು. ನನಗೆ ಇದು ಅತ್ಯಂತ ಸರಿಯಾದ ನಿಯಮವೆನಿಸುತ್ತದೆ. ದಾಖಲೆಗಳೆಲ್ಲ ಸೇನೆಯ ಬಳಿ ಇರುವಾಗ, ಹಳ್ಳಿಯಲ್ಲಿ ಕೂತ ಸಿಪಾಯಿ ಯಾವ ಪುರಾವೆ ತಂದಾರು?

ಈಗ ಇಂಥ ವ್ಯಾಜ್ಯಗಳು ಮೊದಲು ಹೋಗುವುದು 2007ರ ಕಾಯ್ದೆಯಡಿ ಸ್ಥಾಪನೆಯಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ. 2023ರ ಸೆಪ್ಟೆಂಬರ್ 21ರಿಂದ ಹೊಸ ಅರ್ಹತಾ ನಿಯಮಗಳು ಬಂದಿವೆ. ಆಮೇಲೆ ಸೇವೆಯಿಂದ ಹೊರಬಂದವರು ತಮ್ಮ ಅರ್ಜಿಯನ್ನು ಅವುಗಳ ಪ್ರಕಾರವೇ ನೋಡಿಕೊಳ್ಳಬೇಕು.

ಕೊಡಗಿನಲ್ಲಿ, ಬೆಳಗಾವಿಯಲ್ಲಿ, ನಾಡಿನ ಎಲ್ಲೆಡೆ ಇರುವ ಮಾಜಿ ಸೈನಿಕರಲ್ಲಿ ನನ್ನದೊಂದು ವಿನಂತಿ. ಪಿಂಚಣಿ ಅರ್ಜಿ ತಿರಸ್ಕೃತವಾಗಿದ್ದರೆ, ಆ ಒಂದು ಹಾಳೆಯನ್ನಷ್ಟೇ ನೋಡಿ ಸುಮ್ಮನಾಗಬೇಡಿ. ಮೆಡಿಕಲ್ ಬೋರ್ಡ್ ನಡಾವಳಿಯ ಪ್ರತಿ ಕೇಳಿ ಪಡೆಯಿರಿ, ಕಾರಣ ಬರೆದಿದೆಯೇ ಓದಿಸಿ ನೋಡಿ. ಅಂತಿಮ ಆದೇಶ ಬಂದ ಆರು ತಿಂಗಳೊಳಗೆ ನ್ಯಾಯಮಂಡಳಿಗೆ ಹೋಗುವುದು ಕ್ರಮ. ತಡವಾಗಿದ್ದರೂ ವಕೀಲರನ್ನು ಒಮ್ಮೆ ಕಾಣಿರಿ. ಪಿಂಚಣಿ ತಪ್ಪಿದ್ದು ತಿಂಗಳು ತಿಂಗಳೂ ಮುಂದುವರಿಯುವ ಅನ್ಯಾಯವೆಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ಆದರೆ ಹಿಂಬಾಕಿ ಸಾಮಾನ್ಯವಾಗಿ ಅರ್ಜಿಗೆ ಹಿಂದಿನ ಮೂರು ವರ್ಷದ್ದಷ್ಟೇ ಸಿಗುತ್ತದೆ.